ಹೊಸ ಚಾರ್ಜರ್ ತಂದ ದಿನದಿಂದ ಲ್ಯಾಪ್‌ಟಾಪಿನ ಪ್ರೊಸೆಸರ್ 400 ಮೆಗಾಹರ್ಟ್ಸ್ ದಾಟುತ್ತಿಲ್ಲ. ಲಿನಕ್ಸ್ ಕರ್ನಲ್‌ನದೇ ತಪ್ಪೇ?

ಕರ್ನಲ್ ಮೇಲೆ ನನಗೆ ಅನುಮಾನ ಇಲ್ಲ, ಚಾರ್ಜರ್ ಮೇಲಿದೆ. ನೀವು ಬರೆದದ್ದು: ಐ5-8250ಯು ಪ್ರೊಸೆಸರ್, ಉಬುಂಟು ಲಿನಕ್ಸ್, ಹಳೇ ಚಾರ್ಜರ್ ಸುಟ್ಟು ಗದಗದಲ್ಲೇ ಲೋಕಲ್ ಒಂದು ತಂದಿರಿ, ಗವರ್ನರ್ (ಪ್ರೊಸೆಸರಿನ ವೇಗ ಎಷ್ಟಿರಬೇಕೆಂದು ನಿರ್ಧರಿಸುವ ಸೆಟ್ಟಿಂಗ್) 'ಪವರ್‌ಸೇವ್' ಅಂತ ತೋರಿಸುತ್ತದೆ, 'ಪರ್ಫಾರ್ಮೆನ್ಸ್' ಮಾಡಿದರೂ ಫರಕಿಲ್ಲ.

ಗವರ್ನರ್ ಗೊಡವೆ ಬಿಡಿರಿ. ಇಂಟೆಲ್ ಪಿ-ಸ್ಟೇಟ್ ಡ್ರೈವರಿನಲ್ಲಿ 'ಪವರ್‌ಸೇವ್' ಅಂದರೆ ವೇಗ ತಳಕ್ಕೆ ಕಟ್ಟಿಹಾಕುವುದಲ್ಲ. ಕೆಲಸ ಬಿದ್ದರೆ ಅದೂ ಏರುತ್ತದೆ. ಟರ್ಬೊ (ಬೇಕಾದಾಗ ವೇಗ ಏರಿಸುವ ಸೌಲಭ್ಯ) ಬಂದ್ ಆಗಿದ್ದರೂ ನಿಮ್ಮ ಚಿಪ್ 1.6 ಗಿಗಾಹರ್ಟ್ಸ್ ಕೊಡಬೇಕು. ಸಿಸ್ ಫೋಲ್ಡರಿನ ಸಿಪಿಯುಫ್ರೀಕ್ ಒಳಗೆ 'ಸ್ಕೇಲಿಂಗ್ ಮ್ಯಾಕ್ಸ್ ಫ್ರೀಕ್' ಫೈಲು ತೆಗೆದು ನೋಡಿರಿ. ಅಲ್ಲಿ 3400000 ಇದ್ದರೆ (ಲೆಕ್ಕ ಕಿಲೋಹರ್ಟ್ಸ್‌ನಲ್ಲಿ) ಕರ್ನಲ್ ಕೈ ಕಟ್ಟಿಲ್ಲ, ಕೇಳಿದ್ದನ್ನು ಹಾರ್ಡ್‌ವೇರ್ ಕೊಡುತ್ತಿಲ್ಲ. ಕಡಿಮೆ ಇದ್ದರೆ ಮಾತ್ರ ಟಿಎಲ್‌ಪಿಯಂಥ ಪವರ್ ತಂತ್ರಾಂಶದ ಸೆಟ್ಟಿಂಗ್ ಹುಡುಕಿರಿ.

ಮುಂದೆ 'ಲಿನಕ್ಸ್-ಟೂಲ್ಸ್-ಜೆನೆರಿಕ್' ಹಾಕಿಕೊಂಡು ಸುಡೊ ಜೊತೆ ಟರ್ಬೊಸ್ಟ್ಯಾಟ್ (ವೇಗ, ಉಷ್ಣತೆ ತೋರಿಸುವ ಕಮಾಂಡು) ಓಡಿಸಿರಿ. ಇನ್ನೊಂದು ಕಿಟಕಿಯಲ್ಲಿ 'ಯೆಸ್' ಕಮಾಂಡಿನ ಔಟ್‌ಪುಟ್ಟನ್ನು ಡೆವ್-ನಲ್‌ಗೆ ಬಿಟ್ಟು ಎಂಟು ಪ್ರತಿ ಹಚ್ಚಿರಿ, ಪ್ರೊಸೆಸರಿನ ಎಂಟೂ ಥ್ರೆಡ್ ತುಂಬಿ ಪೂರ್ತಿ ಲೋಡ್ ಬೀಳಲಿ. ಪ್ಯಾಕೇಜ್ (ಇಡೀ ಚಿಪ್ಪಿನ) ಉಷ್ಣತೆ 95–100 ಡಿಗ್ರಿ ಮುಟ್ಟಿ ವೇಗ ಮೇಲೆ ಕೆಳಗೆ ಓಲಾಡಿದರೆ ಅದು ಬಿಸಿಯ ಕಾಟ: ಫ್ಯಾನ್ ಬಿಚ್ಚಿ ಎರಿ ಮಣ್ಣಿನ ಧೂಳು, ಹತ್ತಿಯ ಎಳೆ ತೆಗೆದು ಥರ್ಮಲ್ ಪೇಸ್ಟ್ ಬದಲಿಸಿರಿ. ಐವತ್ತು ಡಿಗ್ರಿಯೂ ಇಲ್ಲದೆ 400ಕ್ಕೆ ಗೂಟ ಹೊಡೆದಂತೆ ನಿಂತಿದ್ದರೆ ಹೊರಗಿನಿಂದ ಯಾರೋ ಪ್ರೊಸೆಸರಿಗೆ 'ವೇಗ ಇಳಿಸು' ಅನ್ನುವ 'ಪ್ರೊಕ್‌ಹಾಟ್' ಸಂಕೇತ ಕೊಡುತ್ತಿದ್ದಾರೆ. ಹೆಸರಿನಲ್ಲಿ 'ಹಾಟ್' ಇದ್ದರೂ ಬಿಸಿಯೇ ಆಗಬೇಕಿಲ್ಲ, ಮದರ್‌ಬೋರ್ಡೂ ಈ ತಂತಿ ಎಳೆಯಬಲ್ಲದು.

ಈಗ ಅದೇ ಲೋಡ್ ನಡೆದಿರುವಾಗಲೇ ಚಾರ್ಜರ್ ಕಿತ್ತುಬಿಡಿರಿ. ವೇಗ 2 ಗಿಗಾಹರ್ಟ್ಸ್ ಮೇಲೆ ಜಿಗಿದರೆ ಕಳ್ಳ ಸಿಕ್ಕ. ಕೆಲವು ಯಂತ್ರಗಳಲ್ಲಿ ಸಂಕೇತ ಹಾಗೇ ಅಂಟಿಕೊಂಡಿರುತ್ತದೆ; ಆಗ ಬಂದ್ ಮಾಡಿ, ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು 30 ಸೆಕೆಂಡ್ ಒತ್ತಿ ಹಿಡಿದು, ಬ್ಯಾಟರಿ ಮೇಲೆ ಚಾಲೂ ಮಾಡಿ ನೋಡಿರಿ. ಆಗಲೂ 400 ಅಂದರೆ ಬ್ಯಾಟರಿ ಇಲ್ಲವೇ ಬೋರ್ಡಿನ ಸೆನ್ಸರ್ ನೋಡಬೇಕಾಗುತ್ತದೆ.

ಹಲವು ಲ್ಯಾಪ್‌ಟಾಪ್ ಚಾರ್ಜರುಗಳ ನಡುವಿನ ಸಣ್ಣ ಸೂಜಿ ಪಿನ್ 'ನಾನು ಇಷ್ಟು ವಾಟ್‌ನವ' ಅಂತ ಬೋರ್ಡಿಗೆ ಹೇಳುತ್ತದೆ. ಆ ಎಳೆ ತುಂಡಾಗಿದ್ದರೆ, ಇಲ್ಲವೇ ಚಾರ್ಜರಿನಲ್ಲಿ ಗುರುತು ಹೇಳುವ ಚಿಪ್ಪೇ ಇಲ್ಲದಿದ್ದರೆ, ಕರೆಂಟ್ ಬರುತ್ತದೆ, ಗುರುತು ಸಿಗುವುದಿಲ್ಲ. ಬೋರ್ಡ್ ಹೆದರಿ ವೇಗ ಇಳಿಸುತ್ತದೆ. ಬಯಾಸ್‌ನಲ್ಲಿ (ಯಂತ್ರ ಚಾಲೂ ಆಗುವಾಗ ತೆರೆಯುವ ಸೆಟ್ಟಿಂಗ್ ಪರದೆ) ಅಡಾಪ್ಟರ್ ವಾಟ್ ತೋರಿಸುವ ಸಾಲಿದ್ದರೆ ಓದಿರಿ. ಹುಬ್ಬಳ್ಳಿಗೆ ಹೋಗಿ ತರುವುದಾದರೆ ಲ್ಯಾಪ್‌ಟಾಪ್ ಒಯ್ದು ಅಂಗಡಿಯಲ್ಲೇ ಆ ಸಾಲು ನೋಡಿ ರೊಕ್ಕ ಕೊಡಿರಿ. ವೋಲ್ಟೇಜ್ ಹಳೆಯದರಷ್ಟೇ ಇರಲಿ, ವಾಟ್ ಕಡಿಮೆ ಬೇಡ.

ಅಲ್ಲಿವರೆಗೆ ಕೆಲಸ ನಡೆಯಬೇಕಿದ್ದರೆ: ಎಂಎಸ್‌ಆರ್-ಟೂಲ್ಸ್ (ಪ್ರೊಸೆಸರಿನ ಒಳಗಿನ ಸೆಟ್ಟಿಂಗ್ ಓದಿ ಬರೆಯುವ ತಂತ್ರಾಂಶ) ಹಾಕಿ, ಎಂಎಸ್‌ಆರ್ ಮಾಡ್ಯೂಲ್ ಲೋಡ್ ಮಾಡಿ, 0ಎಕ್ಸ್1ಎಫ್‌ಸಿ ರಿಜಿಸ್ಟರ್ ಓದಿರಿ. ಹೊರಗಿನ ಪ್ರೊಕ್‌ಹಾಟ್ ಸಂಕೇತ ಕೇಳಬೇಕೋ ಬೇಡವೋ ಅನ್ನುವುದು ಅದರ ಕೊನೆಯ ಬಿಟ್‌ನಲ್ಲಿದೆ. ಬಂದ ಸಂಖ್ಯೆ ಬೆಸ ಇದ್ದರೆ ಒಂದು ಕಳೆದು ಎಲ್ಲ ಕೋರುಗಳಿಗೂ ವಾಪಸು ಬರೆಯಿರಿ. ಚಿಪ್ಪಿನ ಸ್ವಂತ ಬಿಸಿ ರಕ್ಷಣೆ ಇದರಿಂದ ಹೋಗುವುದಿಲ್ಲ. ಆದರೆ 65 ವಾಟ್ ಬೇಡುವ ಯಂತ್ರಕ್ಕೆ 45ರ ಚಾರ್ಜರ್ ಹಚ್ಚಿ ಹೀಗೆ ಮಾಡಿದರೆ ಚಾರ್ಜರ್ ಕಾದು ಬಿಸಿಯಾಗುತ್ತದೆ, ಕೈ ಇಟ್ಟು ನೋಡುತ್ತಿರಿ. ಬಯಾಸ್‌ನ ಸೆಕ್ಯೂರ್ ಬೂಟ್ ರಕ್ಷಣೆ ಚಾಲೂ ಇದ್ದರೆ ಕರ್ನಲ್ ರಿಜಿಸ್ಟರಿಗೆ ಬರೆಯಲು ಬಿಡುವುದಿಲ್ಲ. ಸಸ್ಪೆಂಡ್‌ನಿಂದ ಎದ್ದಮೇಲೆ ಆ ಬಿಟ್ ಮತ್ತೆ ಮೊದಲಿನಂತಾದರೆ ಮತ್ತೊಮ್ಮೆ ಬರೆಯಬೇಕು.