ಎಂಜಿನ್ ಬಿಡಿ, ಕಾಲು ನೋಡಿ

ಪ್ರಶ್ನೆ: ಸರ್, ಹಳೆಯ ಫೋಟೊಗಳ ಕಟ್ಟಿನಲ್ಲಿ ಬೆಳೆಗೆ ಔಷಧಿ ಹೊಡೆಯುವ ವಿಮಾನದ ಚಿತ್ರ ಸಿಕ್ಕಿದೆ. ಮೇಲೊಂದು, ಕೆಳಗೊಂದು ರೆಕ್ಕೆ. ಒಂದೇ ಸೀಟು, ಅದೂ ತುಂಬಾ ಹಿಂದೆ. ಎಂಜಿನ್‌ನಲ್ಲಿ ಒಂಬತ್ತು ಸಿಲಿಂಡರ್ ಕಾಣುತ್ತವೆ. ರೆಕ್ಕೆಯ ತುದಿ ದುಂಡಗಿದೆ, ಚಕ್ರದ ಕಾಲುಗಳು ದಪ್ಪಗಿವೆ. ಫೋಟೊ ಹಿಂದೆ ಪೆನ್ಸಿಲ್‌ನಲ್ಲಿ 1953 ಎಂದಿದೆ. ಗೆಳೆಯ ಇದನ್ನು ಬೋಯಿಂಗ್ ಸ್ಟಿಯರ್‌ಮನ್ ಎನ್ನುತ್ತಾನೆ. ಸ್ಟಿಯರ್‌ಮನ್‌ಗೆ ಎರಡು ಸೀಟು, ಏಳು ಸಿಲಿಂಡರ್ ಅಲ್ವಾ? ನನಗೇನೋ ಇದು ಔಷಧಿ ಹೊಡೆಯಲೆಂದೇ ತಯಾರಾದ ಗ್ರಮನ್ ಆಗ್-ಕ್ಯಾಟ್ ಅನ್ನಿಸುತ್ತದೆ.

ಉತ್ತರ: ನಿಮ್ಮ ಗೆಳೆಯರು ಹೇಳಿದ್ದೇ ಸರಿ. ನೀವು ಎಣಿಸಿದ್ದೂ ಸರಿ. ಸೈನ್ಯದ ತರಬೇತಿಗೆಂದು ಬಂದ ಪಿಟಿ-17 ಸ್ಟಿಯರ್‌ಮನ್‌ಗೆ ಎರಡು ಸೀಟು, 220 ಅಶ್ವಶಕ್ತಿಯ ಏಳು ಸಿಲಿಂಡರ್ ಎಂಜಿನ್ ಇತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಇಂಥ ಸಾವಿರಾರು ವಿಮಾನಗಳನ್ನು ಮಾರಿಬಿಟ್ಟಿತು. ಔಷಧಿ ಹೊಡೆಯುವವರು ಕೊಂಡು, ಮುಂದಿನ ಸೀಟು ಕಿತ್ತು, ಅಲ್ಲಿ ಔಷಧಿ ತುಂಬುವ ಹಾಪರ್ ಕೂರಿಸಿದರು. ಆ ಜಾಗ ವಿಮಾನದ ತೂಕದ ಕೇಂದ್ರಕ್ಕೆ ಹತ್ತಿರ. ಹಾಗಾಗಿ ಹಾಪರ್ ಖಾಲಿಯಾಗುತ್ತಾ ಬಂದರೂ ಸಮತೋಲ ಹೆಚ್ಚು ಕೆಡುವುದಿಲ್ಲ. ಸ್ಟಿಯರ್‌ಮನ್ನನ್ನು ಒಬ್ಬರೇ ಹಾರಿಸುವಾಗ ಮೊದಲಿನಿಂದಲೂ ಕೂರುತ್ತಿದ್ದದ್ದು ಹಿಂದಿನ ಸೀಟಿನಲ್ಲೇ.

ಆ ಭಾರಕ್ಕೆ 220 ಸಾಲದು. ಬಿಟಿ-13 ವೇಲಿಯಂಟ್ ಎಂಬ ಇನ್ನೊಂದು ತರಬೇತಿ ವಿಮಾನ ಅದೇ ಕಾಲಕ್ಕೆ ಮಾರಾಟಕ್ಕೆ ಬಂದಿತ್ತು. ಅದರಲ್ಲಿದ್ದದ್ದು ಪ್ರಾಟ್ ಅಂಡ್ ವಿಟ್ನಿಯ ಒಂಬತ್ತು ಸಿಲಿಂಡರ್ ಎಂಜಿನ್, 450 ಅಶ್ವಶಕ್ತಿ. ಎಷ್ಟೋ ಜನ ಅದನ್ನು ಬಿಚ್ಚಿ ಸ್ಟಿಯರ್‌ಮನ್ ಮೂತಿಗೆ ಜೋಡಿಸಿದರು. ನಿಮ್ಮ ಫೋಟೊದಲ್ಲಿ ಎರಡು ತರಬೇತಿ ವಿಮಾನಗಳು ಒಂದಾಗಿ ನಿಂತಿರಬಹುದು! ಇಂಥ ಫೋಟೊ ಅಂದರೆ ನನಗೆ ಪ್ರೀತಿ ಜಾಸ್ತಿ.

ಅದಕ್ಕೇ ನಾನು ಮತ್ತೆ ಮತ್ತೆ ಹೇಳುವುದು: ಬದಲಾಯಿಸಲು ಸುಲಭವಾದದ್ದನ್ನು ನಂಬಬೇಡಿ. ಎಂಜಿನ್, ಸೀಟು, ಬಣ್ಣ ಮೂರೂ ಹಾಗೆಯೇ. ಶುರುವಿನ ಆಗ್-ಕ್ಯಾಟ್‌ಗಳಲ್ಲೂ 220 ಅಶ್ವಶಕ್ತಿಯ ಏಳು ಸಿಲಿಂಡರ್ ಎಂಜಿನ್ನೇ ಇತ್ತು. ಎಂಜಿನ್ ನೋಡಿ ಹೊರಟರೆ ಎರಡನ್ನೂ ತಲೆಕೆಳಗು ಗುರುತಿಸುತ್ತೀರಿ. ಮೊದಲು ಕಾಲು ನೋಡಿ. ಸ್ಟಿಯರ್‌ಮನ್ ಕಾಲುಗಳು ಹೊದಿಕೆ ಹಾಕಿದ ದಪ್ಪ ಕಂಬಗಳು. ಆಗ್-ಕ್ಯಾಟ್‌ಗೆ ಬಾಗುವ ಉಕ್ಕಿನ ಪಟ್ಟಿ. ಆಮೇಲೆ ರೆಕ್ಕೆಯ ತುದಿ: ಸ್ಟಿಯರ್‌ಮನ್‌ನದು ದುಂಡಗೆ, ಆಗ್-ಕ್ಯಾಟ್‌ನದು ಕತ್ತರಿಸಿದ ಹಾಗೆ ಮೊಂಡು. ಕೆಲವರು ರೆಕ್ಕೆಯನ್ನೂ ಬದಲಾಯಿಸಿದ್ದುಂಟು, ಆದ್ದರಿಂದ ಕಾಲಿಗೇ ಹೆಚ್ಚು ಬೆಲೆ ಕೊಡಿ.

ಇನ್ನು ಇಸವಿ. ಆಗ್-ಕ್ಯಾಟ್ ಮೊದಲು ಹಾರಿದ್ದೇ 1957ರಲ್ಲಿ. ಪೆನ್ಸಿಲ್ ಬರಹ ನಿಜವಾದರೆ ಅಲ್ಲಿಗೇ ಮಾತು ಮುಗಿಯಿತು. ಆದರೆ ಫೋಟೊ ಹಿಂದಿನ ಇಸವಿಯನ್ನು ಯಾರೋ ಎಷ್ಟೋ ವರ್ಷದ ಮೇಲೆ ನೆನಪಿನಿಂದ ಬರೆದಿರಬಹುದು. ಅದು ಕೊನೆಯ ಸಾಕ್ಷಿಯಾಗಿರಲಿ.

ಅಂದ ಹಾಗೆ, ವಿಮಾನದಿಂದ ಕೀಟನಾಶಕ ಉದುರಿಸುವ ಮೊದಲ ಪ್ರಯೋಗ ನಡೆದದ್ದು 1921ರ ಆಗಸ್ಟ್ 3ರಂದು, ಅಮೆರಿಕದ ಒಹಾಯೊದಲ್ಲಿ. ಕಟಾಲ್ಪಾ ಮರಗಳ ತೋಪಿಗೆ ಹುಳ ಬಿದ್ದಿತ್ತು. ಅಂದು ಬಳಸಿದ ಕರ್ಟಿಸ್ ಜೆನ್ನಿ ಕೂಡ ಪೈಲಟ್‌ಗಳಿಗೆ ಪಾಠ ಹೇಳಿಕೊಟ್ಟ ವಿಮಾನವೇ.

ಪ್ರಶ್ನೆ: ಹಳದಿ ಬಣ್ಣದ ಎರಡು ರೆಕ್ಕೆಯ ವಿಮಾನವೆಲ್ಲ ಸ್ಟಿಯರ್‌ಮನ್ ಎಂದುಕೊಳ್ಳಬಹುದಾ?

ಉತ್ತರ: ಬೇಡ. ಕಲಿಯುವವರ ವಿಮಾನ ದೂರದಿಂದಲೇ ಕಾಣಲಿ ಎಂದು ಹಲವು ದೇಶಗಳು ಹಳದಿ ಬಳಿಯುತ್ತಿದ್ದವು. ಬ್ರಿಟನ್ನಿನ ಟೈಗರ್ ಮಾತ್ ಕೂಡ ಹಳದಿಯಲ್ಲಿ ಸಿಗುತ್ತದೆ. ಅದರ ಮೂತಿ ಕಿರಿದು, ಒಳಗೆ ಸಾಲಾಗಿ ನಾಲ್ಕು ಸಿಲಿಂಡರ್. ಮೇಲಿನಿಂದ ನೋಡಿದರೆ ರೆಕ್ಕೆಗಳು ಹಿಂದಕ್ಕೆ ವಾಲಿವೆ. ಮುಂದೆ ಕೂತ ಶಿಕ್ಷಕ ಪ್ಯಾರಾಚೂಟ್ ಕಟ್ಟಿಕೊಂಡು ಸುಲಭವಾಗಿ ಹೊರಬರಲೆಂದು ಮೇಲಿನ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಸರಿಸಿದರು. ಅದರಿಂದ ತಪ್ಪಿದ ಸಮತೋಲ ಸರಿಪಡಿಸಲು ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಬೇಕಾಯಿತು. ಸ್ಟಿಯರ್‌ಮನ್ ರೆಕ್ಕೆ ನೇರ.