ದೇಹದಾನ ಮಾಡಬೇಕೆನ್ನುವ ಅಮ್ಮ, ಒಪ್ಪದ ಅಣ್ಣ

ಪ್ರಶ್ನೆ: ಅಮ್ಮನಿಗೆ 78 ವರ್ಷ, ಪೇಸ್‌ಮೇಕರ್ ಇದೆ. ‘ನಾನು ಹೋದ ಮೇಲೆ ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಡಿ’ ಎನ್ನುತ್ತಾರೆ. ಅಣ್ಣನಿಗೆ ದಹನವೇ ಆಗಬೇಕು. ಅಮ್ಮ ಬದುಕಿರುವಾಗ ಈ ಮಾತು ಎತ್ತುವುದೇ ಬೇಡ ಎಂದು ಸಿಡುಕುತ್ತಾನೆ. ಏನು ಮಾಡಲಿ?

ಉತ್ತರ: ಮಾತು ಎತ್ತಿ. ಅಣ್ಣನನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ಎತ್ತಿ. ಅಂಗರಚನಾಶಾಸ್ತ್ರ ಪಾಠ ಮಾಡಿದವಳು ನಾನು. ಕೈಯ ನರ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆಂದು ವಿದ್ಯಾರ್ಥಿಗಳು ಮುಟ್ಟಿ ತಿಳಿಯುವುದು ನಿಮ್ಮ ತಾಯಿಯಂಥವರು ಕೊಟ್ಟ ದೇಹದಿಂದ. ಅವರ ಆಸೆ ದೊಡ್ಡದು.

ಆದರೆ ಫಾರಂಗೆ ಸಹಿ ಹಾಕಿದರೆ ಸಾಲದು. ಮರಣೋತ್ತರ ಪರೀಕ್ಷೆ ನಡೆದಿದ್ದರೆ, ಕೆಲವು ಬಗೆಯ ಸೋಂಕು ಇದ್ದರೆ, ಬಹಳ ಹೊತ್ತು ಕಳೆದಿದ್ದರೆ ಕಾಲೇಜಿನವರು ಬೇಡವೆನ್ನಬಹುದು. ಮನೆಯವರಲ್ಲೊಬ್ಬರು ಅಡ್ಡ ನಿಂತರೂ ಹಿಂಜರಿಯುತ್ತಾರೆ. ‘ಹಾಗಾದರೆ ಏನು ಮಾಡೋಣಮ್ಮ?’ ಎಂದು ಈಗಲೇ ಕೇಳಿಟ್ಟುಕೊಳ್ಳಿ. ಅಧ್ಯಯನ ಮುಗಿದ ಮೇಲೆ ಕೆಲವು ಕಾಲೇಜುಗಳು ದಹನ ಮಾಡಿ ಬೂದಿಯನ್ನು ಮನೆಯವರಿಗೆ ಕೊಡುತ್ತವೆ. ನೋಂದಣಿಗೆ ಹೋದಾಗ ವಿಚಾರಿಸಿ. ಅಣ್ಣನ ಮನಸ್ಸು ಅಷ್ಟಕ್ಕೇ ಒಪ್ಪಲೂಬಹುದು.

ದಹನವೇ ಆಗುವುದಾದರೆ ಪೇಸ್‌ಮೇಕರ್ ತೆಗೆಸಲೇಬೇಕು. ಬೆಂಕಿಯ ಶಾಖಕ್ಕೆ ಅದರ ಬ್ಯಾಟರಿ ಸಿಡಿಯಬಹುದು, ಹತ್ತಿರ ಇರುವ ಸಿಬ್ಬಂದಿಗೆ ಅಪಾಯ. ಸಾಮಾನ್ಯವಾಗಿ ಚರ್ಮದಡಿಯಲ್ಲೇ ಇರುವುದರಿಂದ ತೆಗೆಯುವುದು ಕಷ್ಟವಲ್ಲ. ದುಃಖದ ಗಡಿಬಿಡಿಯಲ್ಲಿ ಇದನ್ನು ಹೇಳಲು ಮರೆಯುವವರೇ ಹೆಚ್ಚು.

ಕಣ್ಣು ಕೊಡುವ ಮನಸ್ಸಿದೆಯೇ ಎಂದೂ ಕೇಳಿ. ಕಣ್ಣು ಕೊಟ್ಟ ಮೇಲೂ ಸಾಮಾನ್ಯವಾಗಿ ದೇಹದಾನ ಸಾಧ್ಯ, ದಹನಕ್ಕಂತೂ ಅಡ್ಡಿಯೇ ಇಲ್ಲ. ಸುಮಾರು 6 ಗಂಟೆಯೊಳಗೆ ತೆಗೆಯಬೇಕು. ನೇತ್ರ ಬ್ಯಾಂಕಿನವರು ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆಯಡಿಗೆ ದಿಂಬು ಕೊಡಿ.

ಹೂಳುವುದಾದರೆ ಎಂಬಾಮಿಂಗ್ (ದೇಹ ಕೆಡದಂತೆ ರಾಸಾಯನಿಕ ತುಂಬುವುದು) ಬೇಕೇಬೇಕೆಂದು ಯಾರಾದರೂ ಅವಸರಪಡಿಸಿದರೆ ತಡೆದು ಕೇಳಿ. ಒಂದೆರಡು ದಿನ ಕಾಯಲು ಸಾಮಾನ್ಯವಾಗಿ ಶೈತ್ಯಾಗಾರವೇ ಸಾಕು. ಕ್ಷಾರ ಬೆರೆಸಿದ ಬಿಸಿನೀರಿನಲ್ಲಿ ದೇಹ ಕರಗಿಸುವ ವಿಧಾನವೂ ಈಗ ಇದೆ; ದಕ್ಷಿಣ ಆಫ್ರಿಕಾದ ಕ್ರೈಸ್ತ ಧರ್ಮಗುರು ಡೆಸ್ಮಂಡ್ ಟುಟು ಅದನ್ನೇ ಆರಿಸಿಕೊಂಡಿದ್ದರು. ದೇಹವನ್ನು ಮಣ್ಣಾಗಿಸುವ ಕ್ರಮಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯ 2019ರಲ್ಲಿ ಕಾನೂನು ಮಾಡಿತು. ಇವೆರಡೂ ಎಲ್ಲ ಕಡೆ ಸಿಗುವುದಿಲ್ಲ.

ಅಮ್ಮನ ಇಷ್ಟವನ್ನು ವಿಲ್‌ನಲ್ಲಿ ಮಾತ್ರ ಬರೆದಿಡಬೇಡಿ, ಅದನ್ನು ತೆರೆಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಮೊದಲ ಆಯ್ಕೆ, ಅದಾಗದಿದ್ದರೆ ಎರಡನೆಯದು, ಎರಡನ್ನೂ ಹಾಳೆಯಲ್ಲಿ ಅವರ ಕೈಯಲ್ಲೇ ಬರೆಸಿ. ಕಾಲೇಜಿನ ಮತ್ತು ನೇತ್ರ ಬ್ಯಾಂಕಿನ ಫೋನ್ ನಂಬರ್, ಪೇಸ್‌ಮೇಕರ್ ಕಾರ್ಡ್ ಜೊತೆಗಿರಲಿ. ಒಂದು ಪ್ರತಿ ಅಣ್ಣನ ಹತ್ತಿರವೇ ಇರಲಿ.