ಮದುವೆಗೂ ಸರ್ಕಾರಕ್ಕೂ ಏನು ಸಂಬಂಧ ಅಂತ ಕೇಳಿದ ತಮ್ಮನಿಗೆ

ತಮ್ಮಾ,

ಗುಬ್ಬಿಯಿಂದ ನೀನು ಬರೆದದ್ದು ಓದಿದೆ. ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ, ಮಾಘದಲ್ಲಿ ತುಮಕೂರಿನ ಛತ್ರದಲ್ಲಿ ಮದುವೆ, ಆಮೇಲೆ ಇಬ್ಬರೂ ಹೊರಡಬೇಕು. ಅಲ್ಲಿನ ಜೀವನ ಹೇಗೆ, ಮದುವೆ ರಿಜಿಸ್ಟರ್ ಮಾಡಿಸಲೇಬೇಕಾ, ಏಳು ಹೆಜ್ಜೆ ತುಳಿದ ಮೇಲೆ ಸರ್ಕಾರಕ್ಕೇನು ಕೆಲಸ ಅಂತ ಕೇಳಿದ್ದೀಯ. ಚಳಿ, ಬಾಡಿಗೆ, ಅಕ್ಕಿ ಇವೆಲ್ಲ ಬಂದ ಮೇಲೆ ತಾನಾಗಿ ಗೊತ್ತಾಗುತ್ತೆ. ಮದುವೆ ವಿಷಯ ಮಾತ್ರ ಹೊರಡುವ ಮುಂಚೆಯೇ ತಿಳಿದಿರಬೇಕು.

ನಮ್ಮ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಶಾಸ್ತ್ರವೇ ಮದುವೆ. ಸಪ್ತಪದಿ ಇರುವ ಕಡೆ ಏಳನೇ ಹೆಜ್ಜೆಗೆ ಗಂಡ ಹೆಂಡತಿ ಆದಂತೆ. ಸರ್ಕಾರ ಅದನ್ನು ಬರೆದಿಟ್ಟುಕೊಳ್ಳುತ್ತೆ ಅಷ್ಟೆ. ವೀಸಾಕ್ಕೆ ಬೇಗ ಬೇಕು ಅಂತ ಶಾಸ್ತ್ರಕ್ಕೆ ಮುಂಚೆಯೇ ಸರ್ಟಿಫಿಕೇಟ್ ಮಾಡಿಸಬೇಡ. ಶಾಸ್ತ್ರವೇ ನಡೆಯದೆ ಬರೀ ಕಾಗದದಿಂದ ಹಿಂದೂ ಮದುವೆ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ.

ಇಲ್ಲಿ ಜರ್ಮನಿಯಲ್ಲಿ ಪೂರ್ತಿ ಉಲ್ಟಾ. 1876ರಿಂದ ಇಡೀ ದೇಶದಲ್ಲಿ ಮದುವೆ ಮಾಡಿಸುವುದು ಸ್ಟಾಂಡಸ್‌ಆಮ್ಟ್ ಅನ್ನುವ ಸರ್ಕಾರಿ ಕಚೇರಿ. ಚರ್ಚೋ ದೇವಸ್ಥಾನವೋ ನಿಮ್ಮ ಖುಷಿಗೆ. ನನ್ನ ಗೆಳತಿಯೊಬ್ಬಳು ಜರ್ಮನ್ ಹುಡುಗನನ್ನು ಅಲ್ಲೇ ಮದುವೆಯಾದಳು. ಮೇಜಿನ ಆಚೆ ಕೂತ ಅಧಿಕಾರಿ ಒಬ್ಬೊಬ್ಬರನ್ನೇ ಕೇಳಿದರು, ಇಬ್ಬರೂ ‘ಯಾ’ ಅಂದರು, ಮುಗೀತು. ಅವಳ ಅಮ್ಮ ಕೊರಟಗೆರೆಯಿಂದ ಅಕ್ಷತೆ ತಂದಿದ್ದರು. ಯಾವಾಗ ಹಾಕಬೇಕು ಅಂತ ಗೊತ್ತಾಗದೆ, ಸಹಿ ಎಲ್ಲ ಆಗುವವರೆಗೂ ಮುಷ್ಟಿಯಲ್ಲೇ ಹಿಡಿದು ನಿಂತಿದ್ದರು. ಆ ಮುಷ್ಟಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಯಾರು ಯಾರನ್ನು ಮದುವೆಯಾಗಬಹುದು ಅನ್ನುವುದೂ ಸರ್ಕಾರದ ಕೈಯಲ್ಲೇ ಇದೆ. ಇಲ್ಲಿ 2017ರಿಂದ ಇಬ್ಬರು ಗಂಡಸರು, ಇಬ್ಬರು ಹೆಂಗಸರು ಮದುವೆಯಾಗಬಹುದು. ನಮ್ಮಲ್ಲಿ ಅದು ಸಂಸತ್ತಿಗೆ ಬಿಟ್ಟದ್ದು ಅಂತ 2023ರಲ್ಲಿ ಕೋರ್ಟ್ ಹೇಳಿತು. ಪ್ರೀತಿಸುವವರನ್ನು ಹೊರಗಿಡುವ ಕೆಲಸ ಸರ್ಕಾರಕ್ಕೆ ಬೇಡ ಅಂತಲೇ ನನ್ನ ಅನಿಸಿಕೆ. ಆದರೆ ಮದುವೆಯ ಲೆಕ್ಕ ಇಡುವ ಕೆಲಸ ಅದು ಮಾಡಲೇಬೇಕು. ಯಾಕೆ ಅಂತ ಹೇಳ್ತೀನಿ ಕೇಳು.

ಚಿಂತಾಮಣಿ ಕಡೆಯ ಹುಡುಗಿಯೊಬ್ಬಳು ನಮ್ಮ ಕಟ್ಟಡದಲ್ಲೇ ಇದ್ದಳು. ಬಂದು ಒಂದೂವರೆ ವರ್ಷ. ಗಂಡ ಹೊಡೆಯುತ್ತಿದ್ದ. ‘ಬಿಟ್ಟು ಹೋದರೆ ನಿನ್ನನ್ನು ವಾಪಸ್ ಕಳಿಸ್ತಾರೆ’ ಅಂತ ಹೆದರಿಸಿಟ್ಟಿದ್ದ. ಗಂಡನ ವೀಸಾ ಮೇಲೆ ಬಂದವಳಿಗೆ ಸಾಮಾನ್ಯವಾಗಿ ಮೂರು ವರ್ಷ ಇಲ್ಲಿ ಜೊತೆಗೆ ಸಂಸಾರ ಮಾಡಿದ ಮೇಲೆ ಸ್ವಂತವಾಗಿ ಇರುವ ಹಕ್ಕು ಬರುತ್ತೆ. ಆದರೆ ಹೊಡೆತ ಬಡಿತ ಇದ್ದರೆ ಅಷ್ಟು ಕಾಯಬೇಕಿಲ್ಲ, ಕಾನೂನೇ ದಾರಿ ಬಿಟ್ಟಿದೆ. ಅವಳಿಗೆ ಇದು ಗೊತ್ತೇ ಇರಲಿಲ್ಲ. ಸಹಾಯ ಕೇಂದ್ರಕ್ಕೆ ನಾನೇ ಕರೆದುಕೊಂಡು ಹೋದೆ. ಅವರು ಮೊದಲು ಕೇಳಿದ್ದೇ ಮದುವೆ ಸರ್ಟಿಫಿಕೇಟ್. ಅದು ಗಂಡನ ಬೀರುವಿನಲ್ಲಿತ್ತು.

ಅದಕ್ಕೇ ಹೇಳೋದು, ರಿಜಿಸ್ಟರ್ ಮಾಡಿಸಿದ ಮೇಲೆ ಎರಡು ದೃಢೀಕೃತ ಪ್ರತಿ ತೆಗೆಸು. ಒಂದು ನಿನ್ನ ಹೆಂಡತಿಯ ಬ್ಯಾಗಿನಲ್ಲೇ ಇರಲಿ. ನಿನ್ನ ಮೇಲೆ ಅನುಮಾನ ಪಟ್ಟು ಹೇಳುತ್ತಿಲ್ಲ ತಮ್ಮಾ, ಅವಳದ್ದು ಅವಳ ಹತ್ತಿರ ಇರಬೇಕು.

ತೆರಿಗೆ ಕಡಿಮೆಯಾಗುವುದು, ದುಡಿಯದ ಹೆಂಡತಿಗೆ ನಿನ್ನ ಸರ್ಕಾರಿ ಆರೋಗ್ಯ ವಿಮೆಯಲ್ಲೇ ಜಾಗ ಸಿಗುವುದು, ಎಲ್ಲ ಆ ಕಾಗದದಿಂದಲೇ. ನೀನು ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ, ಅದರ ಮೇಲೆ ಬರುತ್ತಿದ್ದರೆ ಅವಳು ವೀಸಾಕ್ಕೆ ಜರ್ಮನ್ ಪರೀಕ್ಷೆ ಬರೆಯಬೇಕಿಲ್ಲ. ಆದರೂ ಕಲಿಯಲಿ, ಪ್ರತಿ ಮಾತಿಗೂ ನಿನ್ನ ಮುಖ ನೋಡುವಂತಾಗಬಾರದು ಅಲ್ವಾ.

ಮದುವೆ ರಿಜಿಸ್ಟರ್ ಮಾಡಿಸೋಕೆ 2024ರಿಂದ ಕರ್ನಾಟಕದ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಲಗ್ನಪತ್ರಿಕೆ, ಫೋಟೊ, ವಯಸ್ಸಿನ ದಾಖಲೆ, ಮೂರು ಜನ ಸಾಕ್ಷಿ ಇಟ್ಟುಕೋ. ಹೆಸರಿನ ಕಡೆ ಜಾಸ್ತಿ ಗಮನ ಕೊಡು. ನನ್ನ ಸರ್ಟಿಫಿಕೇಟ್‌ನಲ್ಲಿ ಬರೀ ಇನಿಷಿಯಲ್ ಇತ್ತು, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಇಬ್ಬರೂ ಒಬ್ಬಳೇ ಅಂತ ಒಪ್ಪಿಸೋಕೆ ನಾಲ್ಕು ತಿಂಗಳು ಹಿಡಿಯಿತು. ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಮುಂಚೆ ಇಬ್ಬರ ಪಾಸ್‌ಪೋರ್ಟೂ ಮುಂದಿಟ್ಟುಕೊಂಡು ಒಂದೊಂದೇ ಅಕ್ಷರ ನೋಡಿ ಬರೆಸು. ಅನುಮಾನ ಬಂದರೆ ಅಚ್ಚಿನ ಕರಡು ನನಗೆ ಕಳಿಸು, ನೋಡ್ತೀನಿ.